ಲೀಡ್ ನುಡಿಸಲು ಓವರ್‌ಡ್ರೈವ್ ಪೆಡಲನ್ನು ಹದಗೊಳಿಸುವ ಕ್ರಮ

ಎಲೆಕ್ಟ್ರಿಕ್ ಗಿಟಾರಿನ ನಾದವನ್ನು ಒಡೆದು ಗಡುಸಾಗಿಸುವ ಓವರ್‌ಡ್ರೈವ್ ಪೆಡಲನ್ನು ಹೊಸದಾಗಿ ಕೊಂಡವರ ಕೈ ಮೊದಲು ಒಡೆತದ ಪ್ರಮಾಣವನ್ನು ನಿರ್ಧರಿಸುವ ಡ್ರೈವ್ ನಾಬಿನತ್ತಲೇ ಹೋಗುತ್ತದೆ. ಲೀಡ್, ಅಂದರೆ ಉಳಿದ ವಾದ್ಯಗಳ ಮೇಲೆ ಎದ್ದು ಕೇಳುವ ಸ್ವರಸಾಲನ್ನು ನುಡಿಸಬೇಕೆನ್ನುವವರು ಅದನ್ನು ಸದ್ಯಕ್ಕೆ ಬದಿಗಿಟ್ಟು ಪೆಡಲಿನಿಂದ ಹೊರಬರುವ ಸದ್ದಿನ ಮಟ್ಟವನ್ನು ಹೊಂದಿಸುವ ಲೆವೆಲ್ ನಾಬಿನಿಂದ ಆರಂಭಿಸಬೇಕು ಎಂಬುದು ನನ್ನ ಖಚಿತ ಅಭಿಪ್ರಾಯ. ಇಲ್ಲಿ ಉದಾಹರಣೆಗೆ ಐಬನೀಜ್ ಕಂಪನಿಯ ಟ್ಯೂಬ್ ಸ್ಕ್ರೀಮರ್ ಎಂಬ ಪೆಡಲನ್ನು ತೆಗೆದುಕೊಂಡಿದ್ದೇನೆ. 1970ರ ದಶಕದ ಕೊನೆಗೆ ಬಂದ ಟಿಎಸ್808 ಮತ್ತು 1982ರಲ್ಲಿ ಬಂದ ಟಿಎಸ್9 ಮಾದರಿಗಳ ಸರ್ಕ್ಯೂಟನ್ನು ಅನುಸರಿಸಿಯೇ ಇಂದಿನ ಅನೇಕ ಪೆಡಲ್‌ಗಳು ತಯಾರಾಗುತ್ತಿರುವುದರಿಂದ, ನಿಮ್ಮ ಬಳಿ ಬೇರೆ ಹೆಸರಿನದಿದ್ದರೂ ಈ ಕ್ರಮ ಹೆಚ್ಚುಕಡಿಮೆ ಹೊಂದುತ್ತದೆ.

ಪೆಡಲಿನ ಒಳಗೆ ನಡೆಯುವುದನ್ನು ಸ್ವಲ್ಪ ತಿಳಿದುಕೊಂಡರೆ ನಾಬ್‌ಗಳ ವರ್ತನೆ ಅರ್ಥವಾಗುತ್ತದೆ. ಸಿಗ್ನಲನ್ನು ಹಿಗ್ಗಿಸುವ ಆಪ್-ಆಂಪ್ ಎಂಬ ಚಿಪ್ಪಿನ ಫೀಡ್‌ಬ್ಯಾಕ್ ದಾರಿಯಲ್ಲಿ, ಅಂದರೆ ಹೊರಬಂದ ಸಿಗ್ನಲ್ ಒಳಕ್ಕೆ ಮರಳುವ ದಾರಿಯಲ್ಲಿ, ವಿದ್ಯುತ್ತನ್ನು ಒಂದೇ ದಿಕ್ಕಿಗೆ ಬಿಡುವ ಎರಡು ಡಯೋಡ್‌ಗಳು ವಿರುದ್ಧ ದಿಕ್ಕಿಗೆ ಮುಖ ಮಾಡಿ ಕುಳಿತಿದ್ದು, ಅಲೆಯ ತುದಿಗಳನ್ನು ಮೆಲ್ಲನೆ ಅದುಮುತ್ತವೆ. ಈ ಹಂತ ಎಲ್ಲ ಸ್ವರಗಳನ್ನೂ ಒಂದೇ ಸಮನಾಗಿ ಹಿಗ್ಗಿಸುವುದಿಲ್ಲ. ಸುಮಾರು 720 ಹರ್ಟ್ಸ್‌ಗಿಂತ ಕೆಳಗಿಳಿದಂತೆ ಗೇನ್, ಅಂದರೆ ಹಿಗ್ಗಿಸುವ ಪ್ರಮಾಣ, ಕಡಿಮೆಯಾಗುತ್ತ ಹೋಗುತ್ತದೆ. ಎಲ್ಲಕ್ಕಿಂತ ದಪ್ಪ ತಂತಿಯನ್ನು ಬಿಡಿಯಾಗಿ ಮೀಟಿದರೆ ಬರುವ ಸ್ವರ 82 ಹರ್ಟ್ಸ್, ಎಲ್ಲಕ್ಕಿಂತ ತೆಳು ತಂತಿಯ 12ನೇ ಫ್ರೆಟ್ಟಿನ (ಗಿಟಾರಿನ ಕತ್ತಿನ ಮೇಲಿನ ಅಡ್ಡಪಟ್ಟಿಯ) ಸ್ವರ 659 ಹರ್ಟ್ಸ್. ಹೀಗಾಗಿ ಕೆಳಗಿನ ಸ್ವರಗಳು ಕಲಸಿಹೋಗದೆ ಉಳಿಯುತ್ತವೆ, ಲೀಡ್ ಓಡಾಡುವ ಮೇಲಿನ ಸ್ವರಗಳಿಗೆ ಡ್ರೈವ್‌ನ ಬಹುಪಾಲು ಸಿಗುತ್ತದೆ. ಡ್ರೈವ್ ನಾಬನ್ನು ಪೂರ್ತಿ ಇಳಿಸಿದಾಗಲೂ ಈ ಹಂತದ ಗೇನ್ ಸುಮಾರು 12 ಪಟ್ಟು ಇದ್ದೇ ಇರುತ್ತದೆ, ಪೂರ್ತಿ ಏರಿಸಿದರೆ ಸುಮಾರು 118 ಪಟ್ಟಾಗುತ್ತದೆ. ನಾಬ್ ಸೊನ್ನೆಯಲ್ಲಿದೆ ಎಂದು ಅಂಜಬೇಕಾಗಿಲ್ಲ ಎಂದು ನಾನು ಹೇಳುವುದು ಇದಕ್ಕೇ.

ಮೊದಲು ಪೆಡಲ್ ಆಫ್ ಮಾಡಿ, ಗಿಟಾರಿನ ವಾಲ್ಯೂಮನ್ನು 10ಕ್ಕೆ ಇಟ್ಟು, ಆಂಪನ್ನು (ಆಂಪ್ಲಿಫೈಯರನ್ನು) ಸಿದ್ಧಗೊಳಿಸಿ. ನಿರ್ವಾತ ನಳಿಕೆಗಳಿಂದ ಕೆಲಸ ಮಾಡುವ ಟ್ಯೂಬ್ ಆಂಪ್ ಆಗಿದ್ದರೆ, ಮೆಲ್ಲಗೆ ಮೀಟಿದಾಗ ನಾದ ತಿಳಿಯಾಗಿದ್ದು ಬಲವಾಗಿ ಮೀಟಿದಾಗ ಅಂಚಿನಲ್ಲಿ ತುಸು ಒಡೆಯುವ ಮಟ್ಟಕ್ಕೆ ಅದರ ವಾಲ್ಯೂಮನ್ನು ತನ್ನಿ. ಈಗ ಪೆಡಲ್ ಆನ್ ಮಾಡಿ ಡ್ರೈವನ್ನು ಪೂರ್ತಿ ಇಳಿಸಿ, ನಾದದ ಹೊಳಪನ್ನು ಹೊಂದಿಸುವ ಟೋನನ್ನು ಗಡಿಯಾರದ 12 ಗಂಟೆಯ ಸ್ಥಾನದಲ್ಲಿಡಿ. ಪೆಡಲ್ ಆನ್ ಇದ್ದರೂ ಆಫ್ ಇದ್ದರೂ ಸದ್ದು ಒಂದೇ ಎನಿಸುವಲ್ಲಿಗೆ ಲೆವೆಲನ್ನು ಮುಟ್ಟಿಸಿ, ಅಲ್ಲಿಂದ 2 ಅಥವಾ 3 ಗಂಟೆಯ ಕಡೆಗೆ ನಿಧಾನವಾಗಿ ಏರಿಸಿ. ಹೀಗೆ ಜೋರಾದ ಸಿಗ್ನಲ್ ಆಂಪಿನ ಮೊದಲ ಟ್ಯೂಬನ್ನು ತಳ್ಳುತ್ತದೆ, ಒಡೆತದ ಹೆಚ್ಚಿನ ಭಾಗ ಆಂಪಿನಲ್ಲಿಯೇ ಹುಟ್ಟುತ್ತದೆ. ಟೆಕ್ಸಸ್‌ನ ಗಿಟಾರ್ ವಾದಕ ಸ್ಟೀವಿ ರೇ ವಾನ್ ಫೆಂಡರ್ ಆಂಪ್‌ಗಳ ಮುಂದೆ ಟ್ಯೂಬ್ ಸ್ಕ್ರೀಮರ್ ಇಟ್ಟು ನುಡಿಸಿದ ನಾದವನ್ನು ಕೇಳಿದವರಿಗೆ ಈ ಜೋಡಿಯ ಬಲದ ಪರಿಚಯವಿರುತ್ತದೆ. ಟ್ರಾನ್ಸಿಸ್ಟರ್ ಆಂಪ್ ಇದ್ದವರಿಗೆ ಈ ಲಾಭ ಅಷ್ಟಾಗಿ ದಕ್ಕುವುದಿಲ್ಲ. ಅಂಥವರು ಲೆವೆಲನ್ನು ಸ್ವಲ್ಪ ಮಾತ್ರ ಏರಿಸಿ, ಡ್ರೈವನ್ನು 12ರಿಂದ 1 ಗಂಟೆಯವರೆಗೆ ಒಯ್ಯುವುದು ಒಳ್ಳೆಯದು.

ಡ್ರೈವ್ ಎಷ್ಟು ಬೇಕೆಂಬುದನ್ನು ಒಂದೇ ಸ್ವರದಿಂದ ಪರೀಕ್ಷಿಸಬಹುದು. ಮೂರನೇ ತಂತಿಯ 9ನೇ ಫ್ರೆಟ್ಟನ್ನು ಒತ್ತಿ ಮೀಟಿ, ತಂತಿಯನ್ನು ಒಂದು ಪೂರ್ಣ ಸ್ವರದಷ್ಟು ಮೇಲಕ್ಕೆ ಬೆಂಡ್ ಮಾಡಿ (ಬದಿಗೆ ಎಳೆದು), ಅಲ್ಲಿಯೇ ಹಿಡಿದು ನಿಧಾನವಾಗಿ ವೈಬ್ರೇಟೋ (ಸ್ವರದ ಅಲುಗಾಟ) ಕೊಡಿ. ಸ್ವರ ಏರುವ ದಾರಿಯುದ್ದಕ್ಕೂ ಎಳೆ ಕಡಿಯದೆ, ಮೇಲೆ ತಲುಪಿದ ಬಳಿಕ ನಾಲ್ಕೈದು ಎಣಿಸುವಷ್ಟು ಹೊತ್ತು ಸೊರಗದೆ ನಿಂತರೆ ಡ್ರೈವ್ ಸಾಕು. ಬೇಗ ಬತ್ತಿದರೆ ನಾಬನ್ನು ಕೂದಲೆಳೆಯಷ್ಟು ಏರಿಸಿ ಮತ್ತೆ ನುಡಿಸಿ. ಆಮೇಲೆ ಎರಡನೇ ಮತ್ತು ಮೂರನೇ ತಂತಿಗಳನ್ನು ಒಟ್ಟಿಗೆ ಮೀಟಿ. ಎರಡೂ ಸ್ವರಗಳು ಬೇರೆಬೇರೆಯಾಗಿ ಕೇಳದೆ ಮುದ್ದೆಯಾದರೆ ಹದ ಮೀರಿದೆ ಎಂದರ್ಥ. ಡ್ರೈವ್ ಹೆಚ್ಚಿದಂತೆ ಮೆಲ್ಲಗೆ ಮೀಟಿದ್ದೂ ಜೋರಾಗಿ ಮೀಟಿದ್ದೂ ಒಂದೇ ಎತ್ತರಕ್ಕೆ ಬಂದು, ಬೆರಳಿನ ಒತ್ತಡದಿಂದ ಬರುವ ಗಮಕದಂಥ ಸೂಕ್ಷ್ಮಗಳು ಅಳಿಸಿಹೋಗುತ್ತವೆ. ನನಗಂತೂ ಟ್ಯೂಬ್ ಆಂಪಿನ ಮುಂದೆ 10 ಗಂಟೆಯ ಸ್ಥಾನವನ್ನು ದಾಟುವ ಅಗತ್ಯ ಬಿದ್ದದ್ದು ತೀರ ಅಪರೂಪ.

ಟೋನ್ ನಾಬಿನ ವಿಷಯದಲ್ಲಿ ಮನೆಯಲ್ಲಿ ಕುಳಿತು ತೀರ್ಮಾನಿಸಬೇಡಿ. ಒಮ್ಮೆ ನಾನು ರಾತ್ರಿ ಹೊತ್ತು ಸಣ್ಣ ಸದ್ದಿನಲ್ಲಿ, ಆಂಪಿನ ಮಿಡ್ ಇಳಿಸಿ, ಬಾಸ್ ಮತ್ತು ಟ್ರೆಬಲ್ ಏರಿಸಿ ಬಹಳ ಮುತುವರ್ಜಿಯಿಂದ ಹೊಂದಿಸಿಕೊಂಡ ನಾದ, ಮರುದಿನ ಡ್ರಮ್ಸ್ ಮತ್ತು ಇನ್ನೊಂದು ಗಿಟಾರ್ ಜೊತೆಯಾದ ಕೂಡಲೇ ಕೇಳಿಸದೆ ಹೋಯಿತು. ಸಣ್ಣ ಸದ್ದಿನಲ್ಲಿ ನಮ್ಮ ಕಿವಿಗೆ ತಗ್ಗಿನ ಹಾಗೂ ತೀರ ಮೇಲಿನ ಸ್ವರಾಂಶಗಳು ಕಡಿಮೆ ಕೇಳುವುದರಿಂದ ಅವನ್ನು ಏರಿಸಿಕೊಳ್ಳುತ್ತೇವೆ. ವಾದ್ಯವೃಂದದಲ್ಲಿ ತಗ್ಗನ್ನು ಬಾಸ್ ಗಿಟಾರ್, ಮೇಲನ್ನು ಸಿಂಬಲ್‌ಗಳು ಆಗಲೇ ತುಂಬಿರುತ್ತವೆ. ಲೀಡಿಗೆ ಉಳಿಯುವ ಜಾಗ ನಡುವಿನದು, ಟ್ಯೂಬ್ ಸ್ಕ್ರೀಮರ್ ಎತ್ತಿಕೊಡುವುದೂ ಅದನ್ನೇ. ಆದ್ದರಿಂದ ಆಂಪಿನ ಮಿಡ್ ಇಳಿಸದೆ, ಎಲ್ಲರೂ ನುಡಿಸುತ್ತಿರುವಾಗ ಟೋನನ್ನು ಹೊಂದಿಸಿ. ತಂತಿಯ ಕಂಪನವನ್ನು ಸಿಗ್ನಲ್ ಆಗಿಸುವ ಪಿಕಪ್‌ಗಳಲ್ಲಿ, ಗಿಟಾರಿನ ಬ್ರಿಡ್ಜ್ ಬಳಿಯ ಪಿಕಪ್ ಚುಚ್ಚುವಂತಿದ್ದರೆ 11 ಗಂಟೆಗೆ ಇಳಿಸಿ, ಕತ್ತಿನ ಬಳಿಯ ನೆಕ್ ಪಿಕಪ್‌ನ ನಾದ ಮಸುಕಾಗಿದ್ದರೆ 1 ಗಂಟೆಗೆ ಏರಿಸಿ.

ಪ್ರತಿಧ್ವನಿ ಕೊಡುವ ಡಿಲೇ ಪೆಡಲ್ ಇದ್ದರೆ ಅದು ಓವರ್‌ಡ್ರೈವ್‌ನ ನಂತರ ಬರಲಿ. ಸಿಂಗಲ್ ಕಾಯಿಲ್ ಪಿಕಪ್ ಇರುವ ಗಿಟಾರುಗಳು ನಮ್ಮ 50 ಹರ್ಟ್ಸ್ ವಿದ್ಯುತ್ತಿನ ಗುಂಯ್‌ಗುಡುವಿಕೆಯನ್ನು ಹಿಡಿಯುತ್ತವೆ, ಡ್ರೈವ್ ಹೆಚ್ಚಿದಷ್ಟೂ ಅದೂ ಹೆಚ್ಚುತ್ತದೆ. ಅರ್ಥಿಂಗ್ ಸರಿಯಿಲ್ಲದ ಕೋಣೆಯಲ್ಲಿ ನುಡಿಸುವುದು ಜೀವಕ್ಕೂ ಅಪಾಯ.

ಕೊನೆಯದಾಗಿ, ಪೆಡಲನ್ನು ಆನ್ ಮಾಡಿಯೇ ಇಟ್ಟು ಗಿಟಾರಿನ ವಾಲ್ಯೂಮನ್ನು 6 ಅಥವಾ 7ಕ್ಕೆ ಇಳಿಸಿ ಕಾರ್ಡ್‌ಗಳನ್ನು ನುಡಿಸುವುದನ್ನು ರೂಢಿ ಮಾಡಿಕೊಳ್ಳಿ. ನಾದ ತಿಳಿಯಾಗುತ್ತದೆ, ಲೀಡಿನ ಸರದಿ ಬಂದಾಗ ಕಿರುಬೆರಳಿನಿಂದ 10ಕ್ಕೆ ತಿರುಗಿಸಿದರೆ ಸಾಕಾಗುತ್ತದೆ. ವಾಲ್ಯೂಮ್ ಇಳಿಸಿದಾಗ ಟ್ರೆಬಲ್ ಕುಗ್ಗುವುದು ಸಹಜ. ಅದು ಅತಿಯೆನಿಸಿದರೆ ಗಿಟಾರ್ ರಿಪೇರಿ ಮಾಡುವವರಲ್ಲಿ ವಾಲ್ಯೂಮ್ ಪಾಟ್‌ಗೆ (ನಾಬಿನ ಕೆಳಗಿನ ಭಾಗಕ್ಕೆ) ಟ್ರೆಬಲ್ ಉಳಿಸುವ ಟ್ರೆಬಲ್ ಬ್ಲೀಡ್ ಕೆಪ್ಯಾಸಿಟರ್ ಒಂದನ್ನು ಬೆಸುಗೆ ಹಾಕಿಸಿಕೊಳ್ಳಬಹುದು.