ಕಾಡು ಕರ್ಣಕುಂಡಲಕ್ಕೆ ನೀರು ಹಾಕದೆ ಗೆದ್ದೆ

ಕುಮಟಾ ಸುತ್ತಲಿನ ಚಿರೆಕಲ್ಲಿನ (ಜಂಬಿಟ್ಟಿಗೆ ಕಲ್ಲಿನ) ಗುಡ್ಡಗಳಲ್ಲಿ ಮಳೆಗಾಲಕ್ಕೆ ಅರಳುವ ಕಾಡು ಕರ್ಣಕುಂಡಲವನ್ನು ಅಂಗಳಕ್ಕೆ ತರುತ್ತೇನೆ ಎಂದಾಗ ಪಕ್ಕದ ಮನೆಯ ಮಾವ, “ತಮ್ಮಾ, ಕಳೆಗೂ ಯಾರಾದರೂ ಪಾತಿ ಮಾಡುತ್ತಾರೆಯೇ?” ಎಂದು ನಕ್ಕಿದ್ದರು. ನಾಲ್ಕು ವರ್ಷ ಅವರ ನಗುವೇ ಗೆದ್ದಿತು. ಈ ಸಲದ ಚೌತಿಯಲ್ಲಿ ಗಣಪತಿಯ ಮೇಲ್ಗಡೆ ತೂಗುವ ಫಲಾವಳಿಗೆ ಕಟ್ಟಲು ನಾಲ್ಕು ಟೊಂಗೆ ಕೊಡು ಎಂದು ಅವರೇ ಬಂದರು. ಕೊಟ್ಟೆ, ಹಳೆಯ ಮಾತನ್ನು ನೆನಪಿಸಿಯೇ ಕೊಟ್ಟೆ.

ಮೊದಲ ವರ್ಷ ಬೀಜವೇ ದಕ್ಕಲಿಲ್ಲ. ಬಲಿಯಲೆಂದು ಕಾದರೆ ಕಾಯಿ ಸಿಡಿದು ಬೀಜ ಗುಡ್ಡದ ಪಾಲು. ಅವಸರಪಟ್ಟು ಕಿತ್ತರೆ ಒಳಗೆ ಬಿಳಿ ಜೊಳ್ಳು. ಉಬ್ಬಿದ ಕಾಯಿಯನ್ನು ಮುಟ್ಟಿದೊಡನೆ ಸಿಪ್ಪೆ ಬೆರಳ ತುದಿಯಲ್ಲೇ ಹುಳುವಿನಂತೆ ಸುರುಳಿಕೊಳ್ಳುತ್ತದೆ, ಕೈಯಲ್ಲಿ ಉಳಿಯುವುದು ಅಷ್ಟೇ. ಕೊನೆಗೆ ಹರಿದ ಸೊಳ್ಳೆಪರದೆಯ ತುಂಡುಗಳನ್ನು ಟೊಂಗೆಗೆ ಚೀಲದಂತೆ ಕಟ್ಟಿದೆ. ಯಾವ ದಿನ ಕಟ್ಟಬೇಕೆಂಬುದು ಕಾಯಿಯ ಒಂದು ಗುರುತಿನಿಂದ ತಿಳಿಯುತ್ತದೆ. ಅದನ್ನು ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಎರಡನೆಯ ವರ್ಷ ಎರೆಗೊಬ್ಬರ, ಟ್ರೇ, ನೆರಳುಬಲೆ ಎಂದು ಹೆಚ್ಚುಕಡಿಮೆ ಆರು ಸಾವಿರ ರೂಪಾಯಿ ಸುರಿದೆ. ಮೊಳೆತದ್ದು ಹತ್ತೋ ಹನ್ನೆರಡೋ. ಅವೂ ಗೊಬ್ಬರದ ಕೊಬ್ಬಿಗೆ ಮೊಣಕಾಲೆತ್ತರ ಬೆಳೆದು, ಬುಡ ಕೊಳೆತು ಮಲಗಿದವು. ಪೇಟೆಯ ಅಂಗಡಿಯೊಂದರಲ್ಲಿ ನೂರೈವತ್ತು ಕೊಟ್ಟು ತಂದ ‘ಕಾಡು’ ಬೀಜದಲ್ಲಿ ಎಸಳು ಒತ್ತೊತ್ತಾದ ತೋಟದ ಜಾತಿ ಅರಳಿತು. ಆ ಸಿಟ್ಟು ಇನ್ನೂ ಇಳಿದಿಲ್ಲ.

ಮೂರನೆಯ ವರ್ಷ ಬೀಜವನ್ನು ಮೂರು ಪಾಲು ಮಾಡಿದೆ. ಒಂದು ಫ್ರಿಜ್ಜಿಗೆ, ಇನ್ನೊಂದು ಅಡುಗೆಮನೆಯ ಅಟ್ಟಕ್ಕೆ. ಮೂರನೆಯದನ್ನು ಚಿರೆಕಲ್ಲಿನ ಪುಡಿ ತುಂಬಿದ ಒಡೆದ ಟ್ರೇಯಲ್ಲಿ ಉದುರಿಸಿ, ಬಾವಿಕಟ್ಟೆಯ ಹಿಂದೆ ಇಟ್ಟು ಮರೆತೇಬಿಟ್ಟೆ. ಮೇ ತಿಂಗಳ ಬಿಸಿಲೆಲ್ಲ ಅದರ ಮೇಲೆಯೇ. ಮೃಗಶಿರ ಮಳೆ ಹಿಡಿದ ವಾರದೊಳಗೆ ಆ ಟ್ರೇ ಹಸಿರಾಯಿತು. ಫ್ರಿಜ್ಜಿನದು ಒಂದೂ ಏಳಲಿಲ್ಲ, ಅಟ್ಟದ್ದು ಬೆರಳೆಣಿಕೆಯಷ್ಟು. ಆದರೆ ಆ ಹಸಿರನ್ನು ನಾಲ್ಕೇ ರಾತ್ರಿಯಲ್ಲಿ ಬಸವನಹುಳು ಮೇಯ್ದು ಮುಗಿಸಿತು.

ನಾಲ್ಕನೆಯ ವರ್ಷ ಸಸಿ ಕಿತ್ತು ನೆಡಲು ಹೋದೆ. ನೀರು ತುಂಬಿದ ದಂಟು, ಹಿಡಿದಲ್ಲೇ ಮುರಿಯಿತು.

ಆದ್ದರಿಂದ ಈ ಬಾರಿ ಅಕ್ಟೋಬರಿನಲ್ಲೇ, ಬೀಜ ಸಿಕ್ಕ ವಾರವೇ, ಪಾಗಾರದ (ಕಾಂಪೌಂಡ್ ಗೋಡೆಯ) ಬುಡದಲ್ಲಿ ನಾಲ್ಕು ಬೆರಳು ಚಿರೆಪುಡಿ ಹರಡಿ ಉದುರಿಸಿದೆ. ಮಣ್ಣು ಮುಚ್ಚಲಿಲ್ಲ, ಗೊಬ್ಬರ ಹಾಕಲಿಲ್ಲ, ಬೇಸಿಗೆಯಿಡೀ ಒಂದು ತಂಬಿಗೆ ನೀರೂ ಇಲ್ಲ. ಜೂನ್ ತಿಂಗಳ ರಾತ್ರಿಗಳಲ್ಲಿ ಮಾತ್ರ ಟಾರ್ಚ್ ಹಿಡಿದು ಬಸವನಹುಳು ಆರಿಸಿದೆ. ಮೂವತ್ತು ಅಡಿ ಉದ್ದಕ್ಕೂ ಗೇಣೆತ್ತರದ ಗಿಡಗಳು ಹೂ ಹೊತ್ತವು. ಖರ್ಚು ಚಿರೆಪುಡಿಯ ಸಾಗಾಟಕ್ಕೆ ಮುನ್ನೂರು ರೂಪಾಯಿ.

ಶಿರಸಿಯ ತಂಗಿಯ ಅಡಿಕೆ ತೋಟದ ಮಣ್ಣಿನಲ್ಲಿ ಅದೇ ಬೀಜ ಸೊಕ್ಕಿ ಬೆಳೆದು ಬಿದ್ದಿತಂತೆ. ಒಂದು ಚೀಲ ಚಿರೆಪುಡಿಯನ್ನು ಬಸ್ಸಿನಲ್ಲಿ ಕಳಿಸಿದ್ದೇನೆ. ಅರವತ್ತು ರೂಪಾಯಿ ಲಗೇಜು ಕೊಟ್ಟು ಕಲ್ಲುಪುಡಿ ಕಳಿಸುವವನನ್ನು ಕಂಡಕ್ಟರ್ ಎರಡು ಸಲ ನೋಡಿದ.