ಬ್ರೆಕ್ಸಿಟ್ ನಂತರದ ಬ್ರಿಟನ್ನಿಗೆ ಬರುತ್ತಿರುವ ಕನ್ನಡಿಗರಿಗೆ

ಇಲ್ಲಿನ ವೀಸಾ ನಿಯಮ ಯಾಕೆ ಹೀಗೆ ಪದೇ ಪದೇ ಬದಲಾಗುತ್ತದೆ ಎಂದು ಹೊಸದಾಗಿ ಬಂದವರು ಕೇಳುತ್ತಾರೆ. ಉತ್ತರಕ್ಕೆ 23 ಜೂನ್ 2016ಕ್ಕೆ ಹೋಗಬೇಕು. ಅಂದಿನ ಜನಮತದಲ್ಲಿ ಶೇ 51.9ರಷ್ಟು ಮತದಾರರು ಯುರೋಪಿಯನ್ ಒಕ್ಕೂಟ ಬೇಡ ಎಂದರು, ಶೇ 48.1ರಷ್ಟು ಇರಲಿ ಎಂದರು. 31 ಜನವರಿ 2020ರಂದು ದೇಶ ಒಕ್ಕೂಟದಿಂದ ಹೊರಬಂತು, ಬ್ರೆಕ್ಸಿಟ್ ಎಂದರೆ ಇದೇ. ಅದೇ ವರ್ಷದ ಕೊನೆಯ ದಿನ ಅಲ್ಲಿನ ಮಾರುಕಟ್ಟೆಯಿಂದಲೂ ಹೊರಬಿತ್ತು.

ಅಲ್ಲಿಯವರೆಗೆ ಪೋಲೆಂಡ್, ರೊಮೇನಿಯಾ, ಸ್ಪೇನ್ ಜನ ವೀಸಾ ಇಲ್ಲದೆ ಬಂದು ಕೆಲಸ ಹಿಡಿಯುತ್ತಿದ್ದರು. ನಮಗೆ ಕಟ್ಟುಪಾಡು ಹೆಚ್ಚಿತ್ತು: ಕಂಪನಿ ವೀಸಾಗಳಿಗೆ ವರ್ಷಕ್ಕೆ 20,700ರ ಮಿತಿ, ಸಾಮಾನ್ಯವಾಗಿ 30,000 ಪೌಂಡ್ ವಾರ್ಷಿಕ ಸಂಬಳ, ಜೊತೆಗೆ ಸ್ಥಳೀಯರು ಸಿಗಲಿಲ್ಲ ಎಂದು ಕಂಪನಿ ಜಾಹೀರಾತು ಕೊಟ್ಟು ತೋರಿಸಬೇಕಿತ್ತು. ಒಕ್ಕೂಟದವರ ಮುಕ್ತ ಸಂಚಾರ ನಿಲ್ಲುವ ಹೊತ್ತಿಗೆ ಸರ್ಕಾರ ಆ ಮಿತಿಯನ್ನೂ ಜಾಹೀರಾತಿನ ಷರತ್ತನ್ನೂ ಕೈಬಿಟ್ಟಿತು. ಸಂಬಳದ ಮಟ್ಟವನ್ನು 25,600ಕ್ಕೆ ಇಳಿಸಿತು. ನಮ್ಮವರು ದೊಡ್ಡ ಸಂಖ್ಯೆಯಲ್ಲಿ ಬಂದದ್ದು ಈ ಬಾಗಿಲಿನಿಂದ. ವಲಸೆ ಕಡಿಮೆಯಾಗಲಿ ಎಂದು ಮತ ಹಾಕಿದವರು, 2023ರ ಹೊತ್ತಿಗೆ ವರ್ಷದ ನಿವ್ವಳ ವಲಸೆ 9 ಲಕ್ಷ ದಾಟಿದ್ದನ್ನು ನೋಡಿದರು. ಸಿಟ್ಟು ಬಂತು. ಏಪ್ರಿಲ್ 2024ರಲ್ಲಿ ಸಂಬಳದ ಮಟ್ಟ 38,700 ಆಯಿತು, 22 ಜುಲೈ 2025ರಂದು 41,700. ಅದೇ ದಿನದಿಂದ ಪದವಿ ಮಟ್ಟಕ್ಕಿಂತ ಕೆಳಗಿನ ಬಹುಪಾಲು ಕೆಲಸಗಳಿಗೆ ಹೊಸದಾಗಿ ಬರುವವರಿಗೆ ಬಾಗಿಲು ಮುಚ್ಚಿತು.

ಇದನ್ನು ಇಷ್ಟು ಬಿಡಿಸಿ ಹೇಳಲು ಕಾರಣವಿದೆ. ನೀವು ನಂಬಿ ಬರುತ್ತಿರುವ ಪ್ರತಿಯೊಂದು ನಿಯಮವೂ ಇನ್ನೂ ಮುಗಿಯದ ಒಂದು ಜಗಳದ ಭಾಗ. ಐದು ವರ್ಷದ ನಂತರದ ಲೆಕ್ಕವನ್ನು ಇವತ್ತಿನ ನಿಯಮದ ಮೇಲೆ ಹಾಕಿ ಊರಿನ ಮನೆ ಮಾರಿ ಬರಬೇಡಿ.

ಕೆಲಸದ ಪತ್ರ ಕೈಗೆ ಬಂದಾಗ ಎಲ್ಲರೂ ಸಂಬಳದ ಮೊತ್ತ ನೋಡುತ್ತಾರೆ, ಉದ್ಯೋಗದ ಕೋಡ್ ನೋಡುವುದಿಲ್ಲ. ಪ್ರತಿ ಉದ್ಯೋಗಕ್ಕೂ ನಾಲ್ಕು ಅಂಕಿಯ ಕೋಡ್ ಇದೆ, ಅದಕ್ಕೊಂದು ಚಾಲ್ತಿ ದರ, ಅಂದರೆ ಆ ಕೆಲಸಕ್ಕೆ ಸರ್ಕಾರ ಗೊತ್ತುಮಾಡಿದ ಸಂಬಳದ ಮಟ್ಟ, ಇದೆ. 41,700 ಮತ್ತು ಆ ದರ, ಇವೆರಡರಲ್ಲಿ ಯಾವುದು ಹೆಚ್ಚೋ ಅಷ್ಟು ಸಂಬಳ ಇರಲೇಬೇಕು. ಸಾಫ್ಟ್‌ವೇರ್ ಡೆವಲಪರ್‌ಗಳ ಕೋಡ್ 2134. ಅದರ ಚಾಲ್ತಿ ದರ 41,700ಕ್ಕಿಂತ ಬಹಳ ಮೇಲಿದೆ. 26 ವರ್ಷದ ಒಳಗಿನವರಿಗೆ, ಇಲ್ಲಿ ಓದು ಮುಗಿಸಿ ಕೆಲಸಕ್ಕೆ ಸೇರುವವರಿಗೆ ರಿಯಾಯಿತಿ ಉಂಟು: 33,400 ಅಥವಾ ಚಾಲ್ತಿ ದರದ ಶೇ 70, ಯಾವುದು ಹೆಚ್ಚೋ ಅದು. ಆದರೆ ಈ ರಿಯಾಯಿತಿಗೆ ನಾಲ್ಕು ವರ್ಷದ ಮಿತಿ ಇದೆ, ಓದಿನ ನಂತರದ ವೀಸಾದ ಅವಧಿಯೂ ಅದರೊಳಗೇ ಸೇರುತ್ತದೆ. ಅವಧಿ ಮುಗಿದಾಗ ಸಂಬಳ ಪೂರ್ತಿ ಮಟ್ಟ ಮುಟ್ಟದಿದ್ದರೆ ವೀಸಾ ಮುಂದುವರಿಯುವುದಿಲ್ಲ. ಸೇರುವಾಗಲೇ ಈ ಮಾತನ್ನು ಎಚ್‌ಆರ್ ಹತ್ತಿರ ಎತ್ತಿ, ಮಿಂಚಂಚೆಯಲ್ಲಿ ಬರೆಸಿಕೊಳ್ಳಿ.

ಕೆಲಸದ ವೀಸಾಗೆ ಕಂಪನಿ ಕೊಡುವ ಪ್ರಾಯೋಜಕತ್ವದ ಪ್ರಮಾಣಪತ್ರಕ್ಕೆ ಯಾರಿಗೂ ಒಂದು ಪೈಸೆ ಕೊಡಬೇಡಿ. ಏಜೆಂಟಿಗಾಗಲಿ, ಪರಿಚಯದವರಿಗಾಗಲಿ, ನಮ್ಮ ಊರಿನವರೇ ಎಂದು ನಂಬಿದವರಿಗಾಗಲಿ ಬೇಡ. ಪ್ರಮಾಣಪತ್ರದ ಶುಲ್ಕ, ಹೊರದೇಶದವರನ್ನು ನೇಮಿಸಲು ಸರ್ಕಾರಕ್ಕೆ ಕಟ್ಟುವ ಕೌಶಲ್ಯ ಶುಲ್ಕ ಎರಡೂ ಕಂಪನಿಯ ತಲೆಯ ಮೇಲಿನ ಹೊಣೆ, ನೌಕರನಿಂದ ವಸೂಲಿ ಮಾಡುವಂತಿಲ್ಲ. ಬ್ರೆಕ್ಸಿಟ್ ನಂತರ ವೃದ್ಧರ ಆರೈಕೆ ಕೆಲಸಕ್ಕೆ ಯುರೋಪಿನವರು ಸಿಗದಾದಾಗ ಸರ್ಕಾರ ಫೆಬ್ರವರಿ 2022ರಲ್ಲಿ ಆ ಕೆಲಸವನ್ನು ವೀಸಾ ಪಟ್ಟಿಗೆ ಸೇರಿಸಿತು. ಕೂಡಲೇ ಮಧ್ಯವರ್ತಿಗಳು ಹುಟ್ಟಿಕೊಂಡರು. ಜನ ಚಿನ್ನ ಅಡವಿಟ್ಟು ಲಕ್ಷಗಟ್ಟಲೆ ಕೊಟ್ಟು ಬಂದರು. ಬಂದ ಮೇಲೆ ಕೆಲವರಿಗೆ ಕೆಲಸವೇ ಇರಲಿಲ್ಲ, ಕೆಲವರಿಗೆ ವಾರಕ್ಕೆ ಕೆಲವೇ ಗಂಟೆ. ನೂರಾರು ಸಂಸ್ಥೆಗಳ ಪರವಾನಗಿ ರದ್ದಾಯಿತು. ಪರವಾನಗಿ ರದ್ದಾದರೆ ಶಿಕ್ಷೆ ಬೀಳುವುದು ನೌಕರನಿಗೆ: ಸಾಮಾನ್ಯವಾಗಿ 60 ದಿನದೊಳಗೆ ಇನ್ನೊಬ್ಬ ಪ್ರಾಯೋಜಕ ಸಿಗಬೇಕು, ಇಲ್ಲವಾದರೆ ದೇಶ ಬಿಡಬೇಕು. ಪರವಾನಗಿ ಇರುವ ಕಂಪನಿಗಳ ಪಟ್ಟಿ ಸರ್ಕಾರದ ಜಾಲತಾಣದಲ್ಲಿ ಪುಕ್ಕಟೆ ಸಿಗುತ್ತದೆ. ಹೆಸರು, ಊರು, ವೀಸಾದ ಬಗೆ ಮೂರೂ ತಾಳೆಯಾಗುತ್ತವೆಯೇ ನೋಡಿ. ಆರೈಕೆ ಕೆಲಸಕ್ಕೆ ಹೊರದೇಶದಿಂದ ನೇಮಕ 22 ಜುಲೈ 2025ಕ್ಕೆ ನಿಂತಿದೆ. ಈಗಲೂ ಊರಿನಲ್ಲಿ ಯಾರಾದರೂ ಅದೇ ಕೆಲಸ ಕೊಡಿಸುತ್ತೇನೆಂದರೆ ಅದು ಮೋಸ. ನೋಂದಾಯಿತ ನರ್ಸ್‌ಗಳ ದಾರಿ ಬೇರೆ, ಅದು ತೆರೆದಿದೆ. ಮಂಗಳೂರಿನ ಕಾಲೇಜುಗಳಲ್ಲಿ ಓದಿದವರು ಈ ಎರಡನ್ನೂ ಒಂದೇ ಎಂದುಕೊಳ್ಳಬಾರದು.

ಅಡುಗೆಯವರ ಕತೆ ಇನ್ನೂ ನೋವಿನದು. 2016ರ ಪ್ರಚಾರದಲ್ಲಿ ಆಗ ಸಚಿವೆಯಾಗಿದ್ದ ಪ್ರೀತಿ ಪಟೇಲ್ ಮೊದಲಾದವರು, ಒಕ್ಕೂಟ ಬಿಟ್ಟರೆ ದಕ್ಷಿಣ ಏಷ್ಯಾದಿಂದ ಬಾಣಸಿಗರನ್ನು ಕರೆಸುವುದು ಸುಲಭವಾಗುತ್ತದೆ, ಕರಿ ಹೋಟೆಲುಗಳು ಉಳಿಯುತ್ತವೆ ಎಂದರು. ಹೋಟೆಲಿನ ಎಷ್ಟೋ ಮಾಲೀಕರು ಅದನ್ನು ನಂಬಿ ಮತ ಹಾಕಿದರು. 2025ರ ಬದಲಾವಣೆಯಲ್ಲಿ ಬಾಣಸಿಗರ ಕೆಲಸ ಪದವಿ ಮಟ್ಟದ್ದಲ್ಲ ಎಂದು ಪಟ್ಟಿಯಿಂದಲೇ ಹೊರಹೋಯಿತು. ಉಡುಪಿ, ಕುಂದಾಪುರದ ಕಡೆಯಿಂದ ದೋಸೆ ಕಾವಲಿಯ ಮುಂದೆ ನಿಲ್ಲುವ ಕೈಗಳನ್ನು ಇಲ್ಲಿಗೆ ಕರೆಸುವ ಮಾಮೂಲಿ ದಾರಿ ಈಗ ಇಲ್ಲ. 24 ಜುಲೈ 2025ರಂದು ಸಹಿ ಬಿದ್ದ ಭಾರತ-ಬ್ರಿಟನ್ ವ್ಯಾಪಾರ ಒಪ್ಪಂದದಲ್ಲಿ ಬಾಣಸಿಗರು, ಯೋಗ ಶಿಕ್ಷಕರು, ಶಾಸ್ತ್ರೀಯ ಸಂಗೀತಗಾರರು ಎಲ್ಲರಿಗೂ ಸೇರಿಸಿ ವರ್ಷಕ್ಕೆ 1,800 ಜನರ ಅವಕಾಶವಿದೆ. ಅದೂ ಗುತ್ತಿಗೆಯ ಮೇಲೆ, ತಾತ್ಕಾಲಿಕವಾಗಿ.

ಅದೇ ಒಪ್ಪಂದದ ಜೊತೆಗೆ ಬಂದ ಇನ್ನೊಂದು ಮಾತು ಬೆಂಗಳೂರಿನ ಐಟಿಯವರಿಗೆ ಮುಖ್ಯ. ಭಾರತದ ಕಂಪನಿ ನಿಮ್ಮನ್ನು ತಾತ್ಕಾಲಿಕ ಕೆಲಸಕ್ಕೆ ಕಳಿಸಿದರೆ, ಪಿಎಫ್ ಊರಿನಲ್ಲೇ ಕಟ್ಟಿದರೆ ಸಾಕು, ಇಲ್ಲಿ ಸಂಬಳದಿಂದ ಹಿಡಿಯುವ ರಾಷ್ಟ್ರೀಯ ವಿಮೆ ಕಟ್ಟಬೇಕಿಲ್ಲ ಎಂಬುದು ಅದರ ತಿರುಳು. ನೀವು ಪ್ರಯಾಣ ಮಾಡುವ ಹೊತ್ತಿಗೆ ಅದು ಜಾರಿಯಲ್ಲಿದೆಯೇ, ನಿಮ್ಮ ಕಂಪನಿ ಅದರ ಪ್ರಮಾಣಪತ್ರ ಪಡೆದಿದೆಯೇ ಎಂದು ಕೇಳಿಕೊಳ್ಳಿ. ಇಲ್ಲಿನ ಕಂಪನಿಗೇ ನೇರ ಸೇರುವವರಿಗೆ ಇದು ಅನ್ವಯಿಸುವುದಿಲ್ಲ.

ಹಣದ ವಿಷಯಕ್ಕೆ ಬಂದರೆ, ಇಲ್ಲಿನ ಸರ್ಕಾರಿ ಆರೋಗ್ಯ ಸೇವೆಗಾಗಿ ವೀಸಾ ಜೊತೆ ಕಟ್ಟುವ ಆರೋಗ್ಯ ಶುಲ್ಕ ಹೊಸಬರನ್ನು ಬೆಚ್ಚಿಬೀಳಿಸುತ್ತದೆ. ದೊಡ್ಡವರಿಗೆ ವರ್ಷಕ್ಕೆ 1,035 ಪೌಂಡ್, ಮಕ್ಕಳಿಗೆ 776. ಗಂಡ, ಹೆಂಡತಿ, ಇಬ್ಬರು ಮಕ್ಕಳು, ಮೂರು ವರ್ಷದ ವೀಸಾ ಎಂದರೆ 10,866 ಪೌಂಡ್. ಅಷ್ಟನ್ನೂ ಅರ್ಜಿ ಹಾಕುವ ದಿನವೇ ಕಟ್ಟಬೇಕು, ಕಂತಿನ ಸೌಲಭ್ಯವಿಲ್ಲ. ಕಂಪನಿ ಕೊಡುತ್ತದೆ ಎಂದರೆ ಕುಟುಂಬಕ್ಕೂ ಕೊಡುತ್ತದೆಯೋ ನಿಮಗೆ ಮಾತ್ರವೋ, ಮಧ್ಯದಲ್ಲಿ ಕೆಲಸ ಬಿಟ್ಟರೆ ವಾಪಸ್ ಕೇಳುತ್ತದೆಯೋ ಎಂದು ಒಪ್ಪಂದದಲ್ಲಿ ಹುಡುಕಿ. ನರ್ಸ್, ವೈದ್ಯರ ವೀಸಾಗೆ ಈ ಶುಲ್ಕ ಇಲ್ಲ. ಇ-ವೀಸಾ ಖಾತೆ, ಬ್ಯಾಂಕು, ರಾಷ್ಟ್ರೀಯ ವಿಮಾ ಸಂಖ್ಯೆ, ಜಿಪಿ (ಬಡಾವಣೆಯ ವೈದ್ಯರು) ಬಳಿ ನೋಂದಣಿ, ಇವೆಲ್ಲ ಮೊದಲ ಎರಡು ವಾರದಲ್ಲಿ ಮಾಡಿಬಿಡಿ.

ಇಷ್ಟು ಕಟ್ಟಿಯೂ ಆಸ್ಪತ್ರೆಯಲ್ಲಿ ತಿಂಗಳುಗಟ್ಟಲೆ ಯಾಕೆ ಕಾಯಬೇಕು ಎಂಬ ಸಿಟ್ಟು ನ್ಯಾಯವಾದದ್ದೇ. ಅದಕ್ಕೆ ಕಾರಣಗಳು ಹಲವು, ಕೋವಿಡ್ ಅವುಗಳಲ್ಲಿ ದೊಡ್ಡದು. ಆದರೆ ಸರ್ಕಾರದ ಬೊಕ್ಕಸ ಬಡವಾದದ್ದರಲ್ಲಿ ಬ್ರೆಕ್ಸಿಟ್‌ಗೂ ಪಾಲಿದೆ. ಬಜೆಟ್‌ನ ಅಂದಾಜು ಮಾಡುವ ಇಲ್ಲಿನ ಅಧಿಕೃತ ಸಂಸ್ಥೆ ಒಬಿಆರ್ ಪ್ರಕಾರ, ಒಕ್ಕೂಟದಲ್ಲೇ ಉಳಿದಿದ್ದರೆ ಇರುತ್ತಿದ್ದ ಉತ್ಪಾದಕತೆಗಿಂತ ದೀರ್ಘಾವಧಿಯಲ್ಲಿ ಶೇ 4ರಷ್ಟು ಕಡಿಮೆಯಾಗುತ್ತದೆ, ಆಮದು-ರಫ್ತು ಶೇ 15ರಷ್ಟು ಕುಗ್ಗುತ್ತದೆ. ಭಾರತದ ಜೊತೆಗಿನ ಒಪ್ಪಂದದಿಂದ ಬರುವ ಲಾಭ ವರ್ಷಕ್ಕೆ 4.8 ಶತಕೋಟಿ ಪೌಂಡ್ ಎಂದು ಸರ್ಕಾರವೇ ಅಂದಾಜಿಸಿದೆ. ಅದು ದೇಶದ ಒಟ್ಟು ಉತ್ಪನ್ನದ ಶೇ 0.13 ಅಷ್ಟೆ. ನಮ್ಮ ದೇಶದ ಒಪ್ಪಂದ ಎಂದು ಹೆಮ್ಮೆಪಡಬಹುದು, ಆದರೆ ಕಳೆದುಕೊಂಡದ್ದನ್ನು ಅದು ತುಂಬಿಕೊಡುವುದಿಲ್ಲ.

ಯುರೋಪ್ ಪ್ರವಾಸದ ಬಗ್ಗೆ ಒಂದು ತಪ್ಪು ಕಲ್ಪನೆ ಗಟ್ಟಿಯಾಗಿ ಬೇರೂರಿದೆ. ಬ್ರೆಕ್ಸಿಟ್‌ನಿಂದಾಗಿ ನಮಗೆ ಷೆಂಗೆನ್ ವೀಸಾ, ಅಂದರೆ ಯುರೋಪಿನ ಹಲವು ದೇಶಗಳಿಗೆ ನಡೆಯುವ ಒಂದೇ ವೀಸಾ, ಬೇಕಾಯಿತು ಎನ್ನುತ್ತಾರೆ. ಬ್ರಿಟನ್ ಯಾವತ್ತೂ ಷೆಂಗೆನ್ ವಲಯದಲ್ಲಿ ಇರಲಿಲ್ಲ. ಭಾರತದ ಪಾಸ್‌ಪೋರ್ಟ್ ಇದ್ದವರಿಗೆ ಅದು ಹಿಂದೆಯೂ ಬೇಕಿತ್ತು, ಈಗಲೂ ಬೇಕು. ಶುಲ್ಕ 90 ಯೂರೋ, ಕನಿಷ್ಠ 30,000 ಯೂರೋ ಮೊತ್ತದ ಪ್ರಯಾಣ ವಿಮೆ ಬೇಕು, ಆರು ತಿಂಗಳು ಮೊದಲೇ ಅರ್ಜಿ ಹಾಕಬಹುದು. ಬೇಸಿಗೆ ರಜೆಗೆ ಹೋಗುವವರು ಫೆಬ್ರವರಿಯಲ್ಲೇ ಸಮಯ ಕಾದಿರಿಸಿ. ಜೂನ್‌ನಲ್ಲಿ ಹುಡುಕಿದರೆ ಸಿಗುವುದು ಕಷ್ಟ. ನಿಜವಾದ ನಷ್ಟ ಬೇರೆ ಕಡೆ ಆಗಿದೆ. ಮೊದಲು ಬ್ರಿಟಿಷ್ ಪೌರತ್ವ ಪಡೆದ ಕನ್ನಡಿಗರಿಗೆ ಆಮ್‌ಸ್ಟರ್‌ಡ್ಯಾಮ್‌ನಲ್ಲಾಗಲಿ ಮ್ಯೂನಿಕ್‌ನಲ್ಲಾಗಲಿ ಬದುಕುವ, ದುಡಿಯುವ ಹಕ್ಕೂ ಜೊತೆಗೇ ಬರುತ್ತಿತ್ತು. ಈಗ ಅದೇ ಪಾಸ್‌ಪೋರ್ಟಿಗೆ 180 ದಿನದಲ್ಲಿ 90 ದಿನದ ಪ್ರವಾಸ ಮಾತ್ರ.

ಐರ್ಲೆಂಡ್ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ಬೆಲ್‌ಫಾಸ್ಟ್ ಬ್ರಿಟನ್ನಿಗೆ ಸೇರಿದ್ದು, ಡಬ್ಲಿನ್ ಒಕ್ಕೂಟದ ದೇಶದ ರಾಜಧಾನಿ. ಆ ದ್ವೀಪದಲ್ಲಿ ಮತ್ತೆ ಗಡಿ ಎದ್ದರೆ ದಶಕಗಳ ಹಿಂಸಾಚಾರದ ಹಳೆಯ ಗಾಯ ಕೆದಕುತ್ತದೆ ಎಂದು, ವರ್ಷಗಟ್ಟಲೆ ಮಾತುಕತೆಯಾದ ಮೇಲೂ ಅಲ್ಲಿ ತಡೆಗಂಬ ಹಾಕಲಿಲ್ಲ. ಎರಡರ ನಡುವೆ ಬಸ್ಸು ಓಡಾಡುತ್ತದೆ, ನಿಲ್ಲಿಸಿ ಕೇಳುವ ಚೌಕಿ ಇಲ್ಲ, ರಸ್ತೆ ಬದಿಯ ಫಲಕದಲ್ಲಿ ಮೈಲಿ ಹೋಗಿ ಕಿಲೋಮೀಟರ್ ಬಂದಾಗಲೇ ದೇಶ ಬದಲಾದದ್ದು ಗೊತ್ತಾಗುತ್ತದೆ. ಕೇಳುವವರಿಲ್ಲ ಎಂದು ಬ್ರಿಟನ್ನಿನ ಕೆಲಸದ ವೀಸಾ ಇಟ್ಟುಕೊಂಡು ಹಾಗೇ ದಾಟುವವರಿದ್ದಾರೆ. ಅದು ಕಾನೂನುಬಾಹಿರ. ಭಾರತದ ಪಾಸ್‌ಪೋರ್ಟಿಗೆ ಐರಿಷ್ ವೀಸಾ ಬೇರೆಯೇ ಬೇಕು. ದಾರಿಯಲ್ಲಿ ಐರಿಷ್ ಪೊಲೀಸರು ಬಸ್ಸು ಹತ್ತಿ ತಪಾಸಣೆ ಮಾಡುವುದುಂಟು. ಸಿಕ್ಕಿಬಿದ್ದರೆ ಮುಂದಿನ ಪ್ರತಿ ವೀಸಾ ಅರ್ಜಿಯಲ್ಲೂ ಅದನ್ನು ಬರೆಯಬೇಕಾಗುತ್ತದೆ.

ಊರಿಂದ ತರುವ ಸಾಮಾನಿನ ಬಗ್ಗೆ: ಹಾಲಿನ ಪದಾರ್ಥ, ಮಾಂಸ ತರುವಂತಿಲ್ಲ. ಧಾರವಾಡ ಪೇಡ, ತುಪ್ಪದ ಡಬ್ಬ ಎರಡೂ ಹಾಲಿನ ಪದಾರ್ಥಗಳೇ. ಅಮ್ಮ ಪ್ರೀತಿಯಿಂದ ಕಟ್ಟಿಕೊಟ್ಟದ್ದು ವಿಮಾನ ನಿಲ್ದಾಣದ ಕಸದ ಬುಟ್ಟಿಗೆ ಬೀಳುವುದು ಬೇಡ. ಸಾರಿನ ಪುಡಿ, ಹಪ್ಪಳ, ಚಟ್ನಿಪುಡಿ ತನ್ನಿ. ಏಪ್ರಿಲ್ 2025ರಿಂದ ಯುರೋಪಿನ ಚೀಸ್, ಮಾಂಸವನ್ನೂ ಪ್ರಯಾಣಿಕರು ತರುವಂತಿಲ್ಲ, ಅಲ್ಲಿ ಕಾಲುಬಾಯಿ ರೋಗ ಕಾಣಿಸಿಕೊಂಡದ್ದರಿಂದ. ಊರಿಂದ ಉಡುಗೊರೆಯ ಪಾರ್ಸೆಲ್ ಬಂದರೆ 39 ಪೌಂಡ್ ಬೆಲೆಯವರೆಗೆ ತೆರಿಗೆಯಿಲ್ಲ, ಮೇಲಾದರೆ ವ್ಯಾಟ್ ಕಟ್ಟಬೇಕು. ಒಕ್ಕೂಟದಲ್ಲಿ ಇದ್ದಾಗ ಇದೆಲ್ಲ ಬ್ರಸೆಲ್ಸ್‌ನ ತೀರ್ಮಾನವಾಗಿತ್ತು. 2014ರ ಮೇ ತಿಂಗಳಲ್ಲಿ ಒಕ್ಕೂಟ ಹಣ್ಣಿನ ನೊಣದ ಕಾರಣ ಕೊಟ್ಟು ಭಾರತದ ಮಾವು, ಬದನೆ, ಹಾಗಲ, ಪಡವಲ, ಕೆಸು ಎಲ್ಲವನ್ನೂ ನಿಲ್ಲಿಸಿದಾಗ, ಲೆಸ್ಟರ್‌ನ ಅಂಗಡಿಗಳಿಗೂ ಆಪೂಸು ಬರಲಿಲ್ಲ. ಮಾವಿನ ಮೇಲಿನ ತಡೆ 2015ರಲ್ಲಿ ತೆರವಾಯಿತು. ಈಗ ಆ ತೀರ್ಮಾನ ಲಂಡನ್ನಿನದು.

ಅಪ್ಪ ಅಮ್ಮನ ವಿಷಯವನ್ನು ಹೊರಡುವ ಮೊದಲೇ ಮನೆಯಲ್ಲಿ ಕುಳಿತು ಮಾತಾಡಿ. ಸಂದರ್ಶಕರ ವೀಸಾದಲ್ಲಿ ಅವರು ಒಮ್ಮೆಗೆ ಆರು ತಿಂಗಳು ಇರಬಹುದು. ಶಾಶ್ವತವಾಗಿ ಕರೆಸಿಕೊಳ್ಳುವ ದಾರಿ 2012ರ ನಿಯಮಗಳಿಂದ ಹೆಚ್ಚುಕಡಿಮೆ ಮುಚ್ಚಿದೆ. ಬ್ರೆಕ್ಸಿಟ್‌ಗೆ ಮುಂಚೆ ಇಲ್ಲಿ ದುಡಿಯುತ್ತಿದ್ದ ಯುರೋಪಿನವರು ಅವಲಂಬಿತ ತಂದೆತಾಯಿಯನ್ನು ಕರೆತರಬಹುದಿತ್ತು. ಈಗ ಹೊಸದಾಗಿ ಬರುವ ಅವರಿಗೂ ಆ ಹಕ್ಕಿಲ್ಲ. ಸಮಾನತೆ ಬಂತು, ನಮಗೆ ಸಿಗಲಿಲ್ಲ, ಅವರದು ಹೋಯಿತು. ಅಪ್ಪನಿಗೆ ಹುಷಾರಿಲ್ಲ ಎಂದು ಊರಿಗೆ ಓಡಿದವರು ಲೆಕ್ಕ ಮರೆಯಬಾರದು: ಶಾಶ್ವತ ವಾಸಕ್ಕೆ ಅರ್ಜಿ ಹಾಕುವವರು ಯಾವುದೇ 12 ತಿಂಗಳಲ್ಲಿ 180 ದಿನಕ್ಕಿಂತ ಹೆಚ್ಚು ಹೊರಗಿರುವಂತಿಲ್ಲ. ಹೊರಟ ದಿನ, ಬಂದ ದಿನ ಎಣಿಕೆಗೆ ಬರುವುದಿಲ್ಲ. ಈ 12 ತಿಂಗಳು ಜನವರಿಯಿಂದ ಡಿಸೆಂಬರ್ ಎಂದುಕೊಂಡು ಕೆಟ್ಟವರು ಬಹಳ ಜನ. ಯಾವ ದಿನದಿಂದ ಹಿಂದಕ್ಕೆ ಎಣಿಸಿದರೂ 180 ದಾಟಬಾರದು. ಪ್ರತಿ ಪ್ರಯಾಣದ ತಾರೀಖನ್ನೂ ಬರೆದಿಡಿ, ಸಂಬಳದ ಚೀಟಿಗಳನ್ನೂ ಪಿ60ಗಳನ್ನೂ (ವರ್ಷದ ಸಂಬಳ, ತೆರಿಗೆಯ ಲೆಕ್ಕದ ಪತ್ರ) ಜೋಪಾನ ಮಾಡಿ. ಶಾಶ್ವತ ವಾಸಕ್ಕೆ ಕಾಯಬೇಕಾದ ಐದು ವರ್ಷದ ಅವಧಿಯನ್ನು ಸಾಮಾನ್ಯವಾಗಿ ಹತ್ತಕ್ಕೆ ಏರಿಸುವುದಾಗಿ ಮೇ 2025ರ ಶ್ವೇತಪತ್ರ ಹೇಳಿದೆ. ಅರ್ಜಿಯ ದಿನದ ನಿಯಮವೇ ನಿಮಗೆ ಅನ್ವಯಿಸಬಹುದು, ಬಂದ ದಿನದ್ದಲ್ಲ.

ಇದರ ಬಿಸಿ ತಟ್ಟುವುದು ಮಕ್ಕಳಿಗೆ. ತಂದೆ ತಾಯಿಯಲ್ಲಿ ಒಬ್ಬರಿಗಾದರೂ ಶಾಶ್ವತ ವಾಸ ಅಥವಾ ಪೌರತ್ವ ಇಲ್ಲದಿದ್ದರೆ ಇಲ್ಲಿ ಹುಟ್ಟಿದ ಮಗು ಹುಟ್ಟಿನಿಂದ ಬ್ರಿಟಿಷ್ ಅಲ್ಲ. ಆಮೇಲೆ ನೋಂದಾಯಿಸಬಹುದು, ಆದರೆ ಯಾರೂ ನೆನಪಿಸುವುದಿಲ್ಲ. ಇನ್ನು ಹನ್ನೆರಡು, ಹದಿಮೂರರ ಮಕ್ಕಳನ್ನು ಕರೆತರುವವರು ವಿಶ್ವವಿದ್ಯಾಲಯದ ಲೆಕ್ಕವನ್ನು ಇಂದೇ ಹಾಕಿ. ಇಂಗ್ಲೆಂಡಿನಲ್ಲಿ ಸ್ಥಳೀಯ ಶುಲ್ಕ 2025-26ರಲ್ಲಿ 9,535 ಪೌಂಡ್. ಅದು ಸಿಗಬೇಕಾದರೆ ಸಾಮಾನ್ಯವಾಗಿ ಕಾಲೇಜು ಶುರುವಾಗುವ ದಿನ ಮಗುವಿಗೆ ಶಾಶ್ವತ ವಾಸ ಇರಬೇಕು, ಮೂರು ವರ್ಷದ ವಾಸವೂ ಆಗಿರಬೇಕು. ಇಲ್ಲವಾದರೆ ಹೈಸ್ಕೂಲೆಲ್ಲ ಇಲ್ಲೇ ಓದಿದ ಮಗುವೂ ವಿದೇಶಿ ವಿದ್ಯಾರ್ಥಿ ಆಗಬಹುದು, ಶುಲ್ಕ ಎರಡು ಮೂರು ಪಟ್ಟು. ಇಲ್ಲಿಯ ಉಚ್ಚಾರಣೆ, ಇಲ್ಲಿಯ ಗೆಳೆಯರು, ಅಜ್ಜಿಯ ಜೊತೆ ಫೋನಿನಲ್ಲಿ ಅರ್ಧಂಬರ್ಧ ಕನ್ನಡ. ಅಂಥ ಮಗುವಿಗೆ ನೀನು ಹೊರಗಿನವನು ಎಂದು ಒಂದು ಅರ್ಜಿ ನಮೂನೆ ಹೇಳುವುದು ತುಂಬಾ ಕ್ರೂರ. 2021ರಿಂದ ಹೊಸದಾಗಿ ಬರುವ ಯುರೋಪಿನ ಮಕ್ಕಳಿಗೂ ಹೀಗೇ ಆಗಿದೆ.

ಕೊನೆಯದಾಗಿ, ಹೊಸಬರಲ್ಲಿ ಹೆಚ್ಚಿನವರಿಗೆ ಗೊತ್ತೇ ಇಲ್ಲದ ಹಕ್ಕು: ನೀವು ಇಲ್ಲಿ ಮತದಾರರು. ಕಾಮನ್‌ವೆಲ್ತ್ ದೇಶದ ಪೌರರು ಸಕ್ರಮ ವೀಸಾದಲ್ಲಿ ಇಲ್ಲಿ ವಾಸವಿದ್ದರೆ ಸಂಸತ್ತಿನ ಚುನಾವಣೆಯಲ್ಲೂ ಮತ ಹಾಕಬಹುದು, ಪೌರತ್ವ ಬೇಕಿಲ್ಲ. 2016ರ ಜನಮತದಲ್ಲಿ ಆಗಷ್ಟೇ ಬಂದ ಭಾರತೀಯನಿಗೂ ಮತವಿತ್ತು. ಇಪ್ಪತ್ತು ವರ್ಷ ಇಲ್ಲಿ ದುಡಿದ ಫ್ರೆಂಚ್, ಇಟಾಲಿಯನ್ ಪ್ರಜೆಗಳಿಗೆ ಇರಲಿಲ್ಲ. ನಮ್ಮವರು ಸೇರಿರುವ, ಲಂಡನ್ನಿನ ಪಶ್ಚಿಮಕ್ಕಿರುವ ಸ್ಲೌ ಪಟ್ಟಣ ಶೇ 54ರಷ್ಟು ಬಿಡೋಣ ಎಂದಿತು. ರೈಲಿನಲ್ಲಿ ಸ್ವಲ್ಪ ದೂರದ ರೆಡಿಂಗ್ ಶೇ 58ರಷ್ಟು ಇರೋಣ ಎಂದಿತು. ನೆರೆಮನೆಯವರು ಯಾವ ಕಡೆ ಹಾಕಿದರು ಎಂಬುದರ ಮೇಲೆ ಅವರ ಬಗ್ಗೆ ತೀರ್ಮಾನಕ್ಕೆ ಬರಬೇಡಿ. ಬಿಡೋಣ ಎಂದವರಲ್ಲಿ ನಮ್ಮ ಬಣ್ಣದವರೂ ಇದ್ದರು. ರಾಷ್ಟ್ರೀಯ ವಿಮಾ ಸಂಖ್ಯೆ ಬಂದ ಕೂಡಲೇ ಅಂತರಜಾಲದಲ್ಲಿ ನೋಂದಾಯಿಸಿ, ಐದೇ ನಿಮಿಷದ ಕೆಲಸ. ಸಾಲ ಕೊಡುವವರು ನಿಮ್ಮ ವಿಳಾಸ ಖಚಿತಪಡಿಸಿಕೊಳ್ಳುವುದೂ ಇದೇ ಪಟ್ಟಿಯಿಂದ, ಹಾಗಾಗಿ ಕ್ರೆಡಿಟ್ ಸ್ಕೋರಿಗೂ ಒಳ್ಳೆಯದು. ಬಾಡಿಗೆ ಮನೆ ಬದಲಿಸಿದಾಗಲೆಲ್ಲ ಹೊಸ ವಿಳಾಸದಲ್ಲಿ ಮತ್ತೆ ನೋಂದಾಯಿಸಬೇಕು. ಮತಗಟ್ಟೆಗೆ ಭಾವಚಿತ್ರದ ಗುರುತು ಬೇಕು, ಅದಕ್ಕೆ ಭಾರತದ ಪಾಸ್‌ಪೋರ್ಟ್ ಸಾಕು.