ತೊರಕೆ ಇರುವ ನೀರಿನಲ್ಲಿ ಬೋರ್ಡ್ ಹಿಡಿದು

ಕ್ಯಾಲಿಫೋರ್ನಿಯಾದ ಸೀಲ್ ಬೀಚ್‌ನಲ್ಲಿ ಸರ್ಫ್ ಮಾಡುವವರಿಗೆ ಶಾರ್ಕ್‌ಗಿಂತ ಜಾಸ್ತಿ ಯೋಚನೆ ತೊರಕೆಯದ್ದು, ಅಂದರೆ ಸ್ಟಿಂಗ್‌ರೇಯದ್ದು. ಮಲ್ಪೆ, ಗಂಗೊಳ್ಳಿ ಕಡೆಯವರಿಗೆ ಈ ಮೀನಿನ ಪರಿಚಯ ಹೇಳಬೇಕಾಗಿಲ್ಲ. ಬಯಲುಸೀಮೆಯವರಿಗಾಗಿ ಒಂದು ಮಾತು: ಚಪ್ಪಟೆ ಮೈ, ಹಿಂದೆ ಬಾಲ, ಬಾಲದ ಮೇಲೆ ನಂಜಿನ ಮುಳ್ಳು. ಸೀಲ್ ಬೀಚ್‌ನ ಪಿಯರ್‌ನಿಂದ (ಸಮುದ್ರದೊಳಕ್ಕೆ ಚಾಚಿದ ಕಟ್ಟೆ) ಸ್ಯಾನ್ ಗೇಬ್ರಿಯಲ್ ನದಿಯ ಅಳಿವೆವರೆಗಿನ ದಂಡೆಯನ್ನು ಇಲ್ಲಿನವರು ‘ರೇ ಬೇ’ ಎಂದೇ ಕರೆಯುತ್ತಾರೆ. ಅಷ್ಟು ತೊರಕೆ ಅಲ್ಲಿವೆ. ನಾನು ಸರ್ಫ್ ಮಾಡುವುದು ಅಲ್ಲೇ. ಪ್ಯಾಡಲ್‌ಬೋರ್ಡ್, ಅಂದರೆ ಬೋರ್ಡ್ ಮೇಲೆ ನಿಂತು ಪ್ಯಾಡಲ್ ಎಂಬ ಉದ್ದ ಹುಟ್ಟಿನಿಂದ ಸಾಗುವುದು, ಮಾಡುವುದು ಪಕ್ಕದ ಲಾಂಗ್ ಬೀಚ್‌ನ ಅಲಮಿಟೋಸ್ ಬೇಯಲ್ಲಿ. ಎರಡೂ ಕಡೆ ತೊರಕೆ ಜೊತೆ ಹೇಗೆ ಹೊಂದಿಕೊಂಡೆ ಅನ್ನುವುದನ್ನು ಬರೆಯುತ್ತಿದ್ದೇನೆ. ಮೂಲ್ಕಿ, ಸಸಿಹಿತ್ಲು ಕಡೆ ಈಗ ಎಷ್ಟೋ ಹುಡುಗರು, ಹುಡುಗಿಯರು ಬೋರ್ಡ್ ಹತ್ತುತ್ತಿದ್ದಾರೆ. ಅವರಿಗೂ ಇದು ಬೇಕಾಗುತ್ತದೆ.

ಸೀಲ್ ಬೀಚ್‌ನಲ್ಲೇ ಇಷ್ಟೊಂದು ಯಾಕೆ ಅಂದರೆ, ನೀರು ಬೆಚ್ಚಗಿರುವುದು ಒಂದು ಕಾರಣ. ನದಿಯ ಮೇಲ್ಭಾಗದಲ್ಲಿ ವಿದ್ಯುತ್ ಸ್ಥಾವರಗಳಿವೆ. ಯಂತ್ರ ತಂಪು ಮಾಡಲು ಸಮುದ್ರದ ನೀರು ಎಳೆದುಕೊಂಡು, ಬೆಚ್ಚಗಾದ ನೀರನ್ನು ದಶಕಗಳ ಕಾಲ ನದಿಗೆ ಬಿಟ್ಟಿವೆ. ಅದು ಅಳಿವೆಯಲ್ಲಿ ಬಂದು ಸೇರುತ್ತದೆ. ಲಾಂಗ್ ಬೀಚ್‌ನ ತಡೆಗೋಡೆ ಇರುವುದರಿಂದ ತೆರೆಯ ಅಬ್ಬರವೂ ಕಡಿಮೆ. ಮೆತ್ತನೆ ಮರಳು, ಅದರೊಳಗೆ ಹುಳು, ಮರುವಾಯಿ ಎಂಬ ಚಿಪ್ಪಿನ ಜೀವಿ, ಸಣ್ಣ ಏಡಿ. ತೊರಕೆಗೆ ಇನ್ನೇನು ಬೇಕು? ತೊಂದರೆ ಏನೆಂದರೆ, ಸರ್ಫ್ ಕಲಿಯುವವರಿಗೆ ಬೇಕಾದ್ದೂ ಇಂಥದ್ದೇ ಜಾಗ. ಸಣ್ಣ ತೆರೆ, ಸೊಂಟದವರೆಗೆ ನೀರು, ಕಲ್ಲಿಲ್ಲದ ತಳ.

ಇಲ್ಲಿ ಜಾಸ್ತಿ ಸಿಗುವುದು ದುಂಡು ತೊರಕೆ. ಅಗಲ ಸಾಮಾನ್ಯವಾಗಿ 20–25 ಸೆಂ.ಮೀ. ಕಂದು ಮೈ, ತಿಳಿ ಚುಕ್ಕೆ. 1863ರಲ್ಲಿ ಜೇಮ್ಸ್ ಕೂಪರ್ ಎಂಬ ವಿಜ್ಞಾನಿ ಇದಕ್ಕೆ ವೈಜ್ಞಾನಿಕ ಹೆಸರಿಟ್ಟರು. ಸ್ಯಾನ್ ಡಿಯಾಗೊ ಕೊಲ್ಲಿಯ ನೀರಿನಲ್ಲಿ ನಡೆಯುವಾಗ ಮೇಜರ್ ಹ್ಯಾಲರ್ ಎಂಬುವರ ಪುಟ್ಟ ಮಗನಿಗೆ ಇದು ಚುಚ್ಚಿತ್ತು. ಹಾಗಾಗಿ ‘ಹ್ಯಾಲರಿ’ ಎಂಬ ಹೆಸರು ಬಂತು. ಮನುಷ್ಯರ ಕಾಲಿಗೂ ಈ ಮೀನಿಗೂ ನಂಟು ಅಷ್ಟು ಹಳೆಯದು.

ಇದರ ಸ್ವಭಾವ ಗೊತ್ತಾದರೆ ಅರ್ಧ ಭಯ ಹೋಗುತ್ತದೆ. ತೊರಕೆ ಯಾರನ್ನೂ ಹುಡುಕಿಕೊಂಡು ಬಂದು ಚುಚ್ಚುವುದಿಲ್ಲ. ತಳಕ್ಕೆ ಇಳಿದು ಮೈಯ ಅಂಚನ್ನು ಒಂದೆರಡು ಸಲ ಬಡಿಯುತ್ತದೆ. ಎದ್ದ ಮರಳು ಮೈಮೇಲೆ ಕೂರುತ್ತದೆ. ಆಮೇಲೆ ಕಾಣುವುದು ಎರಡು ಕಣ್ಣು, ಅದರ ಹಿಂದೆ ಉಸಿರಿಗೆ ನೀರು ಎಳೆಯುವ ಎರಡು ತೂತು, ಅಷ್ಟೇ. ಮೇಲಿನಿಂದ ಭಾರ ಬಿದ್ದರೆ ಬಾಲ ಎತ್ತಿ ಬೀಸುತ್ತದೆ. ಮುಳ್ಳಿನ ಎರಡೂ ಅಂಚಿನಲ್ಲಿ ಹಿಂದಕ್ಕೆ ಬಾಗಿದ ಹಲ್ಲುಗಳಿರುತ್ತವೆ. ಹಾಗಾಗಿ ಒಳಗೆ ಹೋಗುವಾಗಿನದ್ದಕ್ಕಿಂತ ಹೊರಗೆ ಬರುವಾಗ ಮಾಂಸ ಜಾಸ್ತಿ ಹರಿಯುತ್ತದೆ. ಮುಳ್ಳಿನ ಸುತ್ತ ತೆಳ್ಳಗಿನ ಚರ್ಮದ ಹೊದಿಕೆ ಇರುತ್ತದೆ. ಚುಚ್ಚಿದಾಗ ಅದು ಹರಿದು ನಂಜು ಗಾಯದೊಳಗೆ ಸೇರುತ್ತದೆ.

ಮೊದಲು ಪ್ಯಾಡಲ್‌ಬೋರ್ಡ್ ವಿಷಯ. ತೊರಕೆ ನೋಡಬೇಕು ಅನ್ನುವವರಿಗೆ ಇದಕ್ಕಿಂತ ಒಳ್ಳೆಯ ಜಾಗ ಇಲ್ಲ. ನಿಂತುಕೊಂಡು ನೇರ ಕೆಳಗೆ ನೋಡಬಹುದು. ಸರ್ಫ್‌ಬೋರ್ಡ್ ಮೇಲೆ ಮಲಗಿದಾಗ ಇದು ಆಗುವುದಿಲ್ಲ. ನಾನು ಗಾಳಿ ಏಳುವ ಮೊದಲೇ, ಬೆಳಿಗ್ಗೆ ಹೊರಡುತ್ತೇನೆ. ಪೋಲರೈಸ್ಡ್ ಕನ್ನಡಕ ಬೇಕೇ ಬೇಕು. ಅದಿಲ್ಲದಿದ್ದರೆ ನೀರಿನ ಮೇಲಿನ ಹೊಳಪು ಬಿಟ್ಟು ಬೇರೇನೂ ಕಾಣಿಸುವುದಿಲ್ಲ. ಅದನ್ನು ಹಾಕಿಕೊಂಡರೆ ತಳದ ಗೆರೆಗಳೂ ಎದ್ದು ಕಾಣುತ್ತವೆ. ಮರಳಿನ ಅಲೆಗೆರೆಗಳ ನಡುವೆ ದುಂಡನೆಯ ನಯವಾದ ಜಾಗ ಕಂಡರೆ ಅಲ್ಲಿ ತೊರಕೆ ಮಲಗಿದೆ ಅಂತ ನಾನು ಎಣಿಸುತ್ತೇನೆ. ಬೋರ್ಡಿನ ನೆರಳು ಬಿದ್ದರೆ ಕೆಲವು ಎದ್ದು ಓಡುತ್ತವೆ, ಹಿಂದೆ ಸಣ್ಣ ಮರಳಿನ ಮೋಡ ಬಿಟ್ಟು.

ಕೊಲ್ಲಿಯೊಳಗೆ ಬ್ಯಾಟ್ ರೇ ಅನ್ನುವ ದೊಡ್ಡ ಜಾತಿಯೂ ಬರುತ್ತದೆ. ರೆಕ್ಕೆಯಿಂದ ರೆಕ್ಕೆಗೆ 1.8 ಮೀಟರ್‌ವರೆಗೂ ಬೆಳೆಯಬಲ್ಲದು. ಇಳಿತದ ಹೊತ್ತಿನಲ್ಲಿ ಕೆಸರಿನ ಮೇಲೆ ಅಗಲವಾದ ಗುಂಡಿಗಳು ಕಾಣುತ್ತವೆ. ಬ್ಯಾಟ್ ರೇ ರೆಕ್ಕೆ ಬಡಿದು, ಬಾಯಿಯಿಂದ ಎಳೆದು ಮರುವಾಯಿ ತೆಗೆದ ಗುಂಡಿಗಳು. ಒಮ್ಮೆ ಒಂದು ನನ್ನ ಬೋರ್ಡಿನ ಅಡಿಯಲ್ಲೇ ಹಾದುಹೋಯಿತು. ಎಡಗಡೆಯಿಂದ ಮೊದಲು ಒಂದು ರೆಕ್ಕೆಯ ತುದಿ ಬಂತು. ಆಮೇಲೆ ಮೊಂಡಾದ ತಲೆ, ಬದಿಯಲ್ಲಿ ಕಣ್ಣು. ಅದು ಬಲಕ್ಕೆ ಹೋಗುವಾಗ ಹಿಂದಿನ ಬಾಲ ಇನ್ನೂ ಎಡಗಡೆಯೇ ಇತ್ತು. ನಾನು ಪ್ಯಾಡಲ್ ಎತ್ತಿ ಹಿಡಿದು ಸುಮ್ನೆ ನಿಂತೆ. ಒಂದು ಚೂರೂ ಅವಸರವಿಲ್ಲದ ಪ್ರಾಣಿ. ಅಂಥದ್ದನ್ನು ನೋಡಿದ ಮೇಲೆ ತೊರಕೆ ಅಂದರೆ ಮುಳ್ಳು ಮಾತ್ರ ಅಂತ ನನಗೆ ಅನಿಸುವುದಿಲ್ಲ.

ಬೋರ್ಡ್ ಮೇಲಿರುವಷ್ಟು ಹೊತ್ತು ಅಪಾಯ ಇಲ್ಲ. ಅಪಾಯ ಇರುವುದು ಹತ್ತುವಾಗ, ಇಳಿಯುವಾಗ, ಬೀಳುವಾಗ. ಇಳಿಯುವ ಕ್ರಮ ಹೀಗೆ: ದಡ ಹತ್ತಿರ ಬಂದಾಗ ಮೊದಲು ಮಂಡಿಯೂರುತ್ತೇನೆ. ಇಲ್ಲದಿದ್ದರೆ ಬೋರ್ಡಿನ ಕೆಳಗಿನ ಫಿನ್ (ಮೀನಿನ ಈಜುರೆಕ್ಕೆಯಂಥ ಭಾಗ) ಮರಳಿಗೆ ಸಿಕ್ಕಿ ಬೋರ್ಡ್ ಥಟ್ಟನೆ ನಿಲ್ಲುತ್ತದೆ, ನಾವು ಮುಂದಕ್ಕೆ ಎಗರಿ ಎರಡೂ ಕಾಲು ಊರುತ್ತೇವೆ. ನೀರು ಮೊಣಕಾಲಷ್ಟು ಆದಾಗ ಪ್ಯಾಡಲಿನ ಅಲಗಿನಿಂದ ಇಳಿಯುವ ಜಾಗದ ಮರಳನ್ನು ಕೆದಕುತ್ತೇನೆ. ಕುಟ್ಟುವುದಲ್ಲ, ಕೆದಕುವುದು. ಸ್ವಲ್ಪ ಕಾಯುತ್ತೇನೆ. ಆಮೇಲೆ ಬೋರ್ಡಿನ ಬದಿಯಲ್ಲಿ ಕೂತು ಕಾಲನ್ನು ನಿಧಾನಕ್ಕೆ ಇಳಿಬಿಡುತ್ತೇನೆ. ಮಕ್ಕಳನ್ನು ಮುಂದೆ ಕೂರಿಸಿಕೊಂಡು ಬಂದರೆ ಅವರಿಗೆ ಒಂದೇ ಮಾತು: ನಾನು ಹೇಳುವವರೆಗೆ ಯಾರೂ ಧುಮುಕಬಾರದು. ಮಕ್ಕಳಿಗೆ ಧುಮುಕುವುದೇ ಖುಷಿ, ಅಲ್ವಾ? ಹಾಗಾಗಿ ಕೆದಕುವ ಕೆಲಸವನ್ನು ಅವರಿಗೇ ಕೊಡುತ್ತೇನೆ. ಆಗ ಅವರೂ ಕಾಯುತ್ತಾರೆ.

ಸರ್ಫ್‌ಗೆ ಹೋಗುವಾಗ ಕೈಯಲ್ಲಿ ಪ್ಯಾಡಲ್ ಇರುವುದಿಲ್ಲ, ನೊರೆಯಲ್ಲಿ ತಳವೂ ಕಾಣುವುದಿಲ್ಲ. ಅಲ್ಲಿ ಪಾದವೇ ಆ ಕೆಲಸ ಮಾಡಬೇಕು. ಇದನ್ನು ಇಲ್ಲಿ ಸ್ಟಿಂಗ್‌ರೇ ಷಫಲ್ ಅನ್ನುತ್ತಾರೆ. ಪಾದ ಎತ್ತದೆ, ಮರಳಲ್ಲಿ ಎಳೆದುಕೊಂಡು ಹೋಗುವುದು. ಹೆಜ್ಜೆ ಸಣ್ಣದಿರಬೇಕು. ಹೀಗೆ ಹೋದರೆ ಮರಳಿನ ಅದುರು ತೊರಕೆಗೆ ಮೊದಲೇ ತಾಗುತ್ತದೆ, ಅದು ಎದ್ದು ಹೋಗುತ್ತದೆ. ಬಾಗಿಲು ತಟ್ಟಿ ಒಳಗೆ ಹೋದ ಹಾಗೆ. ಎದ್ದು ಹೋಗದಿದ್ದರೂ ಕಾಲು ಅದರ ಅಂಚಿಗೆ ತಾಗುತ್ತದೆ, ಬೆನ್ನ ಮೇಲೆ ಬೀಳುವುದಿಲ್ಲ. ಎಷ್ಟೋ ಸಲ ಕಾಲಬೆರಳಿಗೆ ಮೆತ್ತಗೆ, ಜಾರಿದ ಹಾಗೆ ಏನೋ ತಾಗಿ ಸರಿದು ಹೋಗಿದೆ. ಮೊದಮೊದಲು ಮೈ ಜುಂ ಅನ್ನುತ್ತಿತ್ತು. ಈಗ ಷಫಲ್ ಕೆಲಸ ಮಾಡುತ್ತಿದೆ ಅನ್ನುವ ಸಮಾಧಾನ.

ನೀರು ಸೊಂಟಕ್ಕೆ ಬಂದ ಕೂಡಲೇ ಬೋರ್ಡ್ ಮೇಲೆ ಮಲಗಿ ಕೈಯಿಂದಲೇ ನೀರು ಎಳೆಯುತ್ತಾ ಸಾಗಲು ಶುರು ಮಾಡುತ್ತೇನೆ. ತೆರೆಗೆ ಕಾಯುತ್ತಾ ತಳದಲ್ಲಿ ನಿಂತು ಹರಟುವವರೇ ಜಾಸ್ತಿ. ಅಲ್ಲಿ ಒಂದೊಂದು ತೆರೆ ಬಂದಾಗಲೂ ಕಾಲು ಎದ್ದು ಮತ್ತೆ ಊರುತ್ತದೆ. ನಾನು ಬೋರ್ಡ್ ಮೇಲೆ ಕೂತೇ ಮಾತಾಡುತ್ತೇನೆ. ಬೀಳುವಾಗ ಬೆನ್ನಿನ ಮೇಲೋ ಬದಿಗೋ, ಕೈಕಾಲು ಚಾಚಿ ಚಪ್ಪಟೆ ಬೀಳಬೇಕು. ಆಳವಿಲ್ಲದ ಕಡೆ ಕುತ್ತಿಗೆ ಉಳಿಸಿಕೊಳ್ಳಲು ಸರ್ಫ್ ಕಲಿಸುವವರು ಹೇಳಿಕೊಡುವುದೂ ಇದನ್ನೇ. ತೆರೆ ಮುಗಿದ ಮೇಲೆ ಹೊಟ್ಟೆಯ ಮೇಲೆ ಮಲಗಿಯೇ ಆದಷ್ಟು ದಡಕ್ಕೆ ಬರುತ್ತೇನೆ. ನೀರು ಬೆಚ್ಚಗಿದ್ದು, ಇಳಿತವಿದ್ದು, ತೆರೆಯೂ ಸಣ್ಣದಾಗಿದ್ದರೆ ಆವತ್ತು ಇನ್ನೂ ಹುಷಾರು. ಬೇಸಿಗೆಯ ಕೊನೆಗೆ ಇಂಥ ದಿನಗಳು ಜಾಸ್ತಿ.

ಇಷ್ಟೆಲ್ಲ ಮಾಡಿದರೂ ನನಗೂ ಒಮ್ಮೆ ಚುಚ್ಚಿತು. ತೆರೆ ಮುರಿದು ಬೋರ್ಡ್ ಕಾಲಡಿಯಿಂದ ಜಾರಿಹೋಯಿತು, ನೀರು ನನ್ನನ್ನು ತಿರುಗಿಸಿ ಹಾಕಿತು, ಎಡಗಾಲು ತಳಕ್ಕೆ ತಾಗಿತು. ಕಾಲಗಂಟಿನ ಒಳಬದಿಗೆ ಗಾಜು ಹೊಕ್ಕ ಹಾಗಾಯಿತು. ಜೊತೆಗಿದ್ದ ಹಾಸನದ ಗೆಳೆಯ ನನ್ನ ಮುಖ ನೋಡಿ, “ಏನಾಯ್ತೋ, ಏನಾರಾ ಚುಚ್ತಾ?” ಅಂದ. ನನ್ನ ಬೋರ್ಡ್ ಅವನೇ ಎಳೆದುಕೊಂಡು ಬಂದ. ದಡದಲ್ಲಿ ಕೂತು ನೋಡಿದರೆ ಗಾಯ ಉಗುರಿನಷ್ಟೂ ಇಲ್ಲ. ಆದರೆ ರಕ್ತ ನಿಲ್ಲುತ್ತಿಲ್ಲ, ಸುತ್ತ ಚರ್ಮ ಬೂದಿ ಬಣ್ಣಕ್ಕೆ ತಿರುಗುತ್ತಿದೆ. ನೋವು ಮೊದಲು ಗಾಯದಲ್ಲಷ್ಟೇ ಇತ್ತು. ಲೈಫ್‌ಗಾರ್ಡ್‌ಗಳ ಹತ್ತಿರ ಕುಂಟಿಕೊಂಡು ಹೋಗುವಷ್ಟರಲ್ಲಿ ಮೊಣಕಾಲಿಗೆ, ಆಮೇಲೆ ತೊಡೆಸಂದಿಗೆ ಏರಿತು. ಒಂದೇ ಸಮ ಇರುವ ನೋವಲ್ಲ ಅದು. ಅಲೆಅಲೆಯಾಗಿ ಬಂದು ಹಲ್ಲು ಕಚ್ಚಿಸುತ್ತದೆ.

ಅವರಿಗೆ ಇದು ದಿನನಿತ್ಯದ ಕೆಲಸ. ಗಾಯ ತೊಳೆದರು, ಮುಳ್ಳಿನ ಚೂರು ಹೊರಗೆ ಕಾಣುತ್ತದೆಯೇ ನೋಡಿದರು, ಬಕೆಟ್‌ನಲ್ಲಿ ಬಿಸಿನೀರು ತಂದಿಟ್ಟರು. ಮೊದಲು ಒಳ್ಳೆಯ ಕಾಲು ಅದ್ದಿ ನೋಡು ಅಂದರು. ನೋಯುವ ಕಾಲಿಗೆ ಬಿಸಿಯ ಅಂದಾಜು ಇರುವುದಿಲ್ಲ, ಸುಟ್ಟುಕೊಂಡರೂ ತಿಳಿಯುವುದಿಲ್ಲ. ಆಮೇಲೆ ಗಾಯದ ಕಾಲು ಇಳಿಸಿದೆ. ಕೆಲವು ನಿಮಿಷದಲ್ಲೇ ನೋವು ತೊಡೆಯಿಂದ ಕೆಳಕ್ಕೆ ಇಳಿಯತೊಡಗಿತು. ನನಗೆ ನಂಬಲಾಗಲಿಲ್ಲ. ನೀರು ತಣಿದಂತೆ ಅದೇ ನೋವು ಮತ್ತೆ ಏರಿತು. ಕಾಲು ಹೊರಗೆ ತೆಗೆಸಿ, ಬಿಸಿನೀರು ಸುರಿದು, ಕಲಕಿ, ಮತ್ತೆ ಇಡಿಸಿದರು. ಹೀಗೇ ಒಂದು ಗಂಟೆಗೂ ಮೇಲೆ ನಡೆಯಿತು. ತೊರಕೆಯ ನಂಜಿನಲ್ಲಿರುವುದು ಪ್ರೋಟೀನು. ಬಿಸಿಗೆ ಅದು ಕೆಡುತ್ತದೆ. ನೀರು 42ರಿಂದ 45 ಡಿಗ್ರಿ ಸೆಲ್ಸಿಯಸ್ ಇರಬೇಕು, ಅದಕ್ಕಿಂತ ಮೇಲೆ ಬೇಡ. 30ರಿಂದ 90 ನಿಮಿಷ ಕಾಲು ಅದರಲ್ಲೇ ಇರಬೇಕು. ಐಸ್ ಇಡುವುದು, ಹಗ್ಗ ಬಿಗಿಯುವುದು, ಗಾಯ ಕೊಯ್ದು ರಕ್ತ ಹೀರುವುದು, ಮೂತ್ರ ಹೊಯ್ಯುವುದು ಯಾವುದೂ ಬೇಡ.

ನೋವು ಹೋಯಿತು ಅಂತ ನಾನು ಮನೆಗೆ ಹೋಗಲಿಲ್ಲ. ಡಾಕ್ಟರ್ ಹತ್ತಿರ ಹೋದೆ. ಮುಳ್ಳಿನ ತುಂಡು ಒಳಗೆ ಉಳಿದಿದೆಯೇ ಎಂದು ಎಕ್ಸ್‌ರೇ ತೆಗೆದರು, ಟೆಟನಸ್ ಇಂಜೆಕ್ಷನ್ ಕೊಟ್ಟರು. ಗಾಯಕ್ಕೆ ಹೊಲಿಗೆ ಹಾಕಲಿಲ್ಲ, ತೆರೆದೇ ಬಿಟ್ಟರು. ಸಮುದ್ರದ ಗಾಯ ಸುಲಭವಾಗಿ ಕೀವಾಗುತ್ತದೆ. ಕೆಂಪು ಹರಡಿದರೆ, ಜ್ವರ ಬಂದರೆ ತಕ್ಷಣ ಬಾ ಎಂದರು. ಪೂರ್ತಿ ಮಾಗುವವರೆಗೆ ನೀರಿಗೆ ಇಳಿಯಲಿಲ್ಲ. ಅಷ್ಟು ದಿನ ದಂಡೆಯಲ್ಲಿ ಕೂತು ಗೆಳೆಯನ ಸರ್ಫ್ ನೋಡುವುದು ನೋವಿಗಿಂತ ಕಷ್ಟವಾಗಿತ್ತು.

ಇದೆಲ್ಲ ಕಾಲಿನ ಮಾತು. ಎದೆಗೋ ಹೊಟ್ಟೆಗೋ ಕುತ್ತಿಗೆಗೋ ಚುಚ್ಚಿದರೆ ಕಥೆಯೇ ಬೇರೆ. ಟಿವಿಯಲ್ಲಿ ಕಾಡುಪ್ರಾಣಿಗಳನ್ನು ತೋರಿಸುತ್ತಿದ್ದ ಸ್ಟೀವ್ ಇರ್ವಿನ್ 2006ರಲ್ಲಿ ಆಸ್ಟ್ರೇಲಿಯಾದಲ್ಲಿ ತೀರಿಕೊಂಡದ್ದು ಎದೆಗೆ ಮುಳ್ಳು ಹೊಕ್ಕು. ಅಂಥದ್ದು ಬಹಳ ಅಪರೂಪ. ಆದರೂ ನೆನಪಿರಲಿ: ಅಲ್ಲಿ ಸಿಕ್ಕ ಮುಳ್ಳನ್ನು ಕೀಳಬಾರದು, ಹಾಗೇ ಇಟ್ಟು ಆಂಬ್ಯುಲೆನ್ಸ್ ಕರೆಯಬೇಕು. ಉಸಿರು ಕಟ್ಟಿದರೆ, ಮುಖ ಊದಿದರೆ, ತಲೆ ಸುತ್ತಿದರೆ ಬಿಸಿನೀರಿಗೆ ಕಾಯುತ್ತಾ ಕೂರಬಾರದು.

ಈಗ ನನ್ನ ಕಾರಿನಲ್ಲಿ ದೊಡ್ಡ ಫ್ಲಾಸ್ಕ್ ತುಂಬ ಬಿಸಿನೀರು, ಮಡಚುವ ಬಕೆಟ್, ಒಂದು ಥರ್ಮಾಮೀಟರ್ ಇರುತ್ತವೆ. ರಬ್ಬರ್ ಬೂಟಿನ ಬಗ್ಗೆ ಕೆಲವರು ಕೇಳುತ್ತಾರೆ. ಸ್ವಲ್ಪ ತಡೆಯುತ್ತದೆ, ಆದರೆ ಮುಳ್ಳು ಅದನ್ನು ದಾಟಿ ಹೋಗಬಲ್ಲದು. ಬೂಟು ಹಾಕಿಕೊಂಡವರೂ ಕಾಲೆಳೆದೇ ನಡೆಯಬೇಕು.

ನಮ್ಮ ಕರಾವಳಿಯಲ್ಲಿ ಇಲ್ಲಿಯ ದುಂಡು ತೊರಕೆ ಇಲ್ಲ. ಆದರೆ ಅದಕ್ಕಿಂತ ಎಷ್ಟೋ ದೊಡ್ಡ, ಉದ್ದ ಬಾಲದ ಜಾತಿಗಳಿವೆ. ಮುಳ್ಳೂ ಅಷ್ಟೇ ದೊಡ್ಡದು. ಶಾಂಭವಿ, ನಂದಿನಿ ಸೇರುವ ಸಸಿಹಿತ್ಲು ಅಳಿವೆಯಲ್ಲಿ ಮಳೆಗಾಲದ ನಂತರ ನೀರು ಕದಡಿರುತ್ತದೆ. ಕನ್ನಡಕ ಹಾಕಿದರೂ ತಳ ಕಾಣುವುದಿಲ್ಲ. ಅಲ್ಲಿ ಪ್ಯಾಡಲ್‌ನಿಂದ ಕೆದಕಿ ಇಳಿಯುವುದೊಂದೇ ದಾರಿ. ಕೈರಂಪಣಿ (ದಡದಿಂದ ಕೈಯಲ್ಲಿ ಎಳೆಯುವ ದೊಡ್ಡ ಮೀನಿನ ಬಲೆ) ಎಳೆದ ಜಾಗದಲ್ಲಿ ಬರಿಗಾಲಲ್ಲಿ ಓಡಾಡುವಾಗ ದಂಡೆಯ ಮೇಲೂ ಕಣ್ಣಿರಲಿ. ಸತ್ತ ತೊರಕೆಯ ಮುಳ್ಳಿನಲ್ಲೂ ನಂಜು ಇರುತ್ತದೆ. ಇನ್ನು ಬಿಸಿನೀರಿಗೆ ನಮ್ಮಲ್ಲಿ ಕೊರತೆಯಿಲ್ಲ. ಹತ್ತಿರದ ಚಾ ಅಂಗಡಿಗೆ ಓಡಿ ಕುದಿಯುವ ನೀರು ತನ್ನಿ, ತಣ್ಣೀರು ಬೆರೆಸಿ, ಚುಚ್ಚಿಸಿಕೊಳ್ಳದವರ ಮೊಣಕೈ ಅದ್ದಿ ನೋಡಿ, ಆಮೇಲೆ ಕಾಲು ಇಡಿಸಿ. ಇನ್ನೊಂದು ಪಾತ್ರೆ ನೀರು ಒಲೆಯ ಮೇಲೆ ಕಾಯುತ್ತಾ ಇರಲಿ.